ಕೂಸು ಹುಟ್ಟುವ ಮುನ್ನ ಕುಲಾವಿ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೋ ಪುಣೆಗೋ ಬಂದು ನೆಲೆಸಿದ ಮನೆತನಗಳವರು ನಾವು. ನಮ್ಮ ಹಿರಿಯರ ಕಾಲದಲ್ಲಿ ಇಲ್ಲಿಂದ ಊರಿಗೆ ಎರಡು ಬಗೆಯ ಕಾಗದಗಳು ಹೋಗುತ್ತಿದ್ದುವು. ಮೊದಲನೆಯದು, “ಬರುವ ತಿಂಗಳು ತಪ್ಪದೆ ಹಣ ಕಳುಹಿಸುತ್ತೇನೆ, ಚಿಂತೆ ಮಾಡಬೇಡಿ” ಎಂದು ಬರೆದ ಕಾರ್ಡು. ಎರಡನೆಯದು ಮನಿಯಾರ್ಡರು. ಕಾರ್ಡು ಬಂದ ದಿನ ಮನೆಯಲ್ಲಿ ಸಂತೋಷವೋ ಸಂತೋಷ. ನೆರೆಹೊರೆಯವರಿಗೆಲ್ಲ ಅದನ್ನು ಓದಿ ಹೇಳಿದ್ದೂ ಉಂಟು. ಆದರೆ ಆ ಕಾರ್ಡನ್ನು ನಂಬಿ ಅಜ್ಜಿ ಅಂಗಡಿಯಲ್ಲಿ ಹೊಸ ಸಾಲ ಬರೆಸುತ್ತಿರಲಿಲ್ಲ. ಅಂಚೆಯವನು ಜಗಲಿಯ ಮೇಲೆ ಕುಳಿತು ನೋಟು ಎಣಿಸಿ, ಹೆಬ್ಬೆಟ್ಟು ಒತ್ತಿಸಿಕೊಂಡು ಎದ್ದ ಮೇಲೆಯೇ ಅಕ್ಕಿ ಬೇಳೆಯ ಮಾತು. ಹಾಗಾದರೆ ಮಗನ ಮೇಲೆ ಆಕೆಗೆ ನಂಬಿಕೆ ಇರಲಿಲ್ಲವೆ? ಧಾರಾಳವಾಗಿ ಇತ್ತು. ಮಗನ ಮನಸ್ಸು ಒಳ್ಳೆಯದೆಂಬುದನ್ನು ಬಲ್ಲಂತೆಯೇ, ಪರಸ್ಥಳದಲ್ಲಿ ಸಂಬಳ ತಡವಾಗಬಹುದು, ಕಾಯಿಲೆ ಬರಬಹುದು, ಬಾಡಿಗೆ ಏರಬಹುದು ಎಂಬುದನ್ನೂ ಆಕೆ ಬಲ್ಲವಳಾಗಿದ್ದಳು.

ದೊಡ್ಡ ದೇಶಗಳ ಮುಖಂಡರು ಪತ್ರಿಕೆಯವರ ಮುಂದೆ ನಿಂತು, “ಇಗೋ, ಇಷ್ಟು ಸಾವಿರ ಕೋಟಿಯ ವ್ಯಾಪಾರ ಕುದುರಿತು” ಎಂದು ಸಾರುವಾಗಲೆಲ್ಲ ನಮಗೆ ಈ ಅಜ್ಜಿಯ ನೆನಪಾಗುತ್ತದೆ. ಇಂಥ ಸುದ್ದಿ ಈಗೀಗ ತಿಂಗಳಿಗೊಂದರಂತೆ ಬರುತ್ತಿದೆ. ಅದನ್ನು ಓದಿ ಹಿಗ್ಗಬೇಕೋ, ನಗಬೇಕೋ, ಪತ್ರಿಕೆಯನ್ನು ಮಡಿಸಿಟ್ಟು ಸುಮ್ಮನಿರಬೇಕೋ ತಿಳಿಯದೆ ನಾವು ಕಣ್ಣು ಕಣ್ಣು ಬಿಡುತ್ತೇವೆ. ಆದುದರಿಂದ, ಮೊದಲಿನಿಂದ ಕೊನೆಯವರೆಗೆ ಲೆಕ್ಕ ಸಿಕ್ಕಿರುವ ಒಂದು ಒಪ್ಪಂದದ ಕಥೆಯನ್ನು ಓದುಗ ಬಂಧುಗಳ ಮುಂದಿಡುವುದು ಒಳ್ಳೆಯದೆಂದು ನಮಗೆ ತೋರಿತು. ಇದು ಅಮೆರಿಕ ಮತ್ತು ಚೀನಾ ದೇಶಗಳ ನಡುವಿನ ಕಥೆ.

ಸೋಯಾ ಅವರೆಯ ಸಂಕಟ

2018ರ ಜುಲೈ 6ರಂದು ಅಮೆರಿಕವು ಚೀನಾದಿಂದ ಬರುವ 3,400 ಕೋಟಿ ಡಾಲರ್ ಬೆಲೆಯ ಸರಕಿನ ಮೇಲೆ ಶೇಕಡಾ 25ರ ಹೆಚ್ಚುವರಿ ಸುಂಕವನ್ನು ಜಾರಿಗೆ ತಂದಿತು. ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು, ವ್ಯಾಪಾರದ ಯುದ್ಧವೆಂದರೆ ಗೆಲ್ಲುವುದು ಸುಲಭವೆಂದು ಆ ಮಾರ್ಚ್ ತಿಂಗಳಲ್ಲಿಯೇ ಹೇಳಿದ್ದರು. ಚೀನಾ ಸುಮ್ಮನಿರಲಿಲ್ಲ. ಅದೇ ದಿನ ಅದು ಅಮೆರಿಕದ ಸರಕಿಗೆ ಶೇಕಡಾ 25ರ ಪ್ರತಿಸುಂಕ ಹಾಕಿತು. ಏಟು ಎಲ್ಲಿ ಬಿದ್ದರೆ ನೋಯುತ್ತದೆ ಎಂಬುದನ್ನು ಚೆನ್ನಾಗಿ ನೋಡಿಯೇ ಹೊಡೆದ ಏಟು ಅದು. ಪಟ್ಟಿಯಲ್ಲಿ ಸೋಯಾ ಅವರೆ ಸೇರಿತ್ತು.

ಅಯೋವಾ, ಇಲಿನಾಯ್, ಮಿನ್ನೆಸೋಟ ಮೊದಲಾದ ಪ್ರಾಂತಗಳ ರೈತರಿಗೆ ಸೋಯಾ ಎಂದರೆ ನಮ್ಮ ರಾಯಚೂರಿನ ಕಡೆಯವರಿಗೆ ಭತ್ತ ಇದ್ದಂತೆ. ಹಂದಿ, ಕೋಳಿಗಳ ಮೇವಿಗೂ ಅಡಿಗೆಯ ಎಣ್ಣೆಗೂ ಚೀನಾ ಅದನ್ನು ಹಡಗುಗಟ್ಟಲೆ ಕೊಳ್ಳುತ್ತಿತ್ತು. 2017ರಲ್ಲಿ ಅಮೆರಿಕದಿಂದ ಚೀನಾಕ್ಕೆ ಹೋದ ಸೋಯಾ ಸುಮಾರು 3 ಕೋಟಿ 20 ಲಕ್ಷ ಟನ್; ಅದರ ಬೆಲೆ ಸುಮಾರು 1,200 ಕೋಟಿ ಡಾಲರ್. ಮರುವರ್ಷ 2018ರಲ್ಲಿ ಅದು ಸುಮಾರು 80 ಲಕ್ಷ ಟನ್ನಿಗೂ, 300 ಕೋಟಿ ಡಾಲರಿಗೂ ಇಳಿಯಿತು. ಚೀನಾದ ವರ್ತಕರು ಬ್ರೆಜಿಲಿನತ್ತ ತಿರುಗಿದರು. ಆ ವರ್ಷ ಚೀನಾ ಕೊಂಡ ಸೋಯಾದಲ್ಲಿ ಮುಕ್ಕಾಲು ಪಾಲು ಬ್ರೆಜಿಲಿನದಾಯಿತು. ಅಮೆರಿಕದ ಕಣಜಗಳಲ್ಲಿ ಮಾರದ ಕಾಳು ಹಿಂದೆಂದೂ ಇಲ್ಲದಷ್ಟು ಶೇಖರವಾಯಿತು.

ಸರಕಾರವು ರೈತರಿಗೆ ಪರಿಹಾರ ಕೊಡಬೇಕಾಗಿ ಬಂದಿತು. 2018ರಲ್ಲಿ 1,200 ಕೋಟಿ ಡಾಲರುಗಳವರೆಗೆ, 2019ರಲ್ಲಿ ಇನ್ನೂ 1,600 ಕೋಟಿಯವರೆಗೆ ಘೋಷಣೆಯಾಯಿತು. ಆದರೂ 2019ರಲ್ಲಿ ಅಮೆರಿಕದಲ್ಲಿ ಸುಮಾರು 600 ರೈತ ಮನೆತನಗಳು ದಿವಾಳಿಯ ಅರ್ಜಿ ಹಾಕಿಕೊಂಡವು. ಇದು ಹಿಂದಿನ ವರ್ಷಕ್ಕಿಂತ ಐದರಲ್ಲೊಂದು ಪಾಲಿನಷ್ಟು ಹೆಚ್ಚು. ಎಲ್ಲವೂ ಸುಂಕದಿಂದಲೇ ಆಯಿತೆಂದು ಹೇಳಿದರೆ ತಪ್ಪಾದೀತು. ಆ ವರ್ಷ ನೆರೆಯ ಹಾವಳಿಯಿತ್ತು, ಕೆಲವು ವರ್ಷಗಳಿಂದಲೂ ಧಾರಣೆ ಕೆಳಗಿತ್ತು. ಆದರೆ ಮುಳುಗುತ್ತಿರುವವನ ತಲೆಯ ಮೇಲೆ ಇನ್ನೊಂದು ಕಲ್ಲು ಬಿದ್ದುದು ಸುಳ್ಳಲ್ಲ.

ಘೋಷಣೆಗಳ ಸರಮಾಲೆ

ಇಂಥ ಸಮಯದಲ್ಲಿ ಮಾತುಕತೆಗಳೂ ಘೋಷಣೆಗಳೂ ನಡೆದೇ ಇದ್ದವು. 2018ರ ಡಿಸೆಂಬರ್ 1ರಂದು ಬ್ಯೂನಸ್ ಏರಿಸ್ ನಗರದಲ್ಲಿ ಟ್ರಂಪ್ ಅವರೂ ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತರು. ಮರುದಿನವೇ ಟ್ರಂಪ್ ಅವರು, ಅಮೆರಿಕದ ಮೋಟಾರುಗಳ ಮೇಲಿನ ಶೇಕಡಾ 40ರ ಸುಂಕವನ್ನು ಚೀನಾ ಇಳಿಸಿ ತೆಗೆದುಹಾಕಲು ಒಪ್ಪಿದೆ ಎಂದು ಪ್ರಕಟಿಸಿದರು. ಬೀಜಿಂಗಿನಿಂದ ಕೂಡಲೇ ಹೌದೆಂಬ ಮಾತು ಬರಲಿಲ್ಲ. ಎರಡು ದಿನ ಕಾದ ನ್ಯೂಯಾರ್ಕಿನ ಷೇರು ಪೇಟೆ ಡಿಸೆಂಬರ್ 4ರಂದು ಸುಮಾರು 800 ಅಂಕ ಕುಸಿಯಿತು. ಕೊನೆಗೆ ಚೀನಾ ಮೋಟಾರಿನ ಮೇಲೆ ಹೊಸದಾಗಿ ಹಾಕಿದ್ದ ಶೇಕಡಾ 25ರ ಸುಂಕವನ್ನು ಮಾತ್ರ, ಅದೂ ಮೊದಲಿಗೆ ಮೂರು ತಿಂಗಳ ಮಟ್ಟಿಗೆ, ತಡೆಹಿಡಿಯಿತು. ಶೇಕಡಾ 15ರ ಹಳೆಯ ಸುಂಕ ಉಳಿಯಿತು. ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ, ಪೂರ್ತಿ ನಿಜವೂ ಆಗಲಿಲ್ಲ.

ಮುಂದಿನದು ಇನ್ನೂ ಸ್ವಾರಸ್ಯವಾದುದು. 2019ರ ಅಕ್ಟೋಬರ್ 11ರಂದು ಚೀನಾದ ಉಪಪ್ರಧಾನಿ ಲ್ಯೂ ಹ ಅವರನ್ನು ಎದುರಿಗೆ ಕೂರಿಸಿಕೊಂಡು ಟ್ರಂಪ್ ಅವರು “ಮೊದಲ ಹಂತದ” ಒಪ್ಪಂದ ಕುದುರಿತೆಂದು ಸಾರಿದರು. ಚೀನಾ ವರ್ಷಕ್ಕೆ 4,000ದಿಂದ 5,000 ಕೋಟಿ ಡಾಲರ್ ಬೆಲೆಯ ಕೃಷಿ ಸರಕು ಕೊಳ್ಳಲಿದೆಯೆಂದರು. ಅಷ್ಟಕ್ಕೇ ಬಿಡದೆ, ರೈತರು ಈಗಿಂದೀಗಲೇ ಇನ್ನಷ್ಟು ಜಮೀನು ಕೊಂಡು, ದೊಡ್ಡ ಟ್ರಾಕ್ಟರುಗಳನ್ನು ತರಿಸಿಕೊಳ್ಳಲಿ ಎಂದು ಸಲಹೆಯನ್ನೂ ಕೊಟ್ಟರು. ಅದಕ್ಕೆ ಮುಂಚೆ ಯಾವ ವರ್ಷದಲ್ಲಿಯೂ ಚೀನಾ ಅಮೆರಿಕದಿಂದ ಕೊಂಡ ಕೃಷಿ ಸರಕು 3,000 ಕೋಟಿ ಡಾಲರನ್ನು ಮುಟ್ಟಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮೇಲಾಗಿ, ಆ ದಿನ ಸಹಿಯಾದ ಕಾಗದ ಒಂದೂ ಇರಲಿಲ್ಲ! ಚೀನಾದವರು ಮಾತುಕತೆ ಮುಂದುವರಿದಿದೆ ಎಂದರೇ ಹೊರತು ಮೊತ್ತದ ಮಾತೆತ್ತಲಿಲ್ಲ. ಸಂತೆಯಲ್ಲಿ ನಿಂತು “ನನಗೆ ಇಷ್ಟು ಮೂಟೆ ಬೇಕೇ ಬೇಕು” ಎಂದು ಕೂಗುವ ಕೊಳ್ಳುಗನನ್ನು ನಾವಂತೂ ಕಂಡಿಲ್ಲ; ಕೂಗಿದರೆ ಧಾರಣೆ ಏರುತ್ತದೆ ಎಂಬುದು ಯಾವ ವ್ಯಾಪಾರಿಗೆ ಗೊತ್ತಿಲ್ಲ?

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂದು ನಮ್ಮಲ್ಲಿ ಗಾದೆಯೇ ಇದೆ. ಇಲ್ಲಿ ಕುಲಾವಿ ಹೊಲಿಸಿರೆಂದು ಹೇಳಿದವರು ದೇಶದ ಅಧ್ಯಕ್ಷರು. ಬಟ್ಟೆಗೆ ದುಡ್ಡು ಕೊಡಬೇಕಾದವರು ಮಾತ್ರ ಸಾಲದಲ್ಲಿದ್ದ ರೈತರು.

ಕಾಗದದಲ್ಲಿ ಏನಿತ್ತು?

ಕೂಸು ಹುಟ್ಟಲೇ ಇಲ್ಲವೆಂದಲ್ಲ. 2020ರ ಜನವರಿ 15ರಂದು ಶ್ವೇತಭವನದಲ್ಲಿ ಟ್ರಂಪ್ ಅವರೂ ಲ್ಯೂ ಹ ಅವರೂ ಒಪ್ಪಂದಕ್ಕೆ ಸಹಿ ಹಾಕಿದರು. ಫೆಬ್ರವರಿ 14ರಿಂದ ಅದು ಜಾರಿಗೆ ಬಂದಿತು. ಈ ಸಲ ಮೊತ್ತವೂ ಅಚ್ಚಾಗಿತ್ತು. 2017ರಲ್ಲಿ ಕೊಂಡುದಕ್ಕಿಂತ ಹೆಚ್ಚಾಗಿ, 2020 ಮತ್ತು 2021 ಈ ಎರಡು ವರ್ಷಗಳಲ್ಲಿ ಒಟ್ಟು 20,000 ಕೋಟಿ ಡಾಲರ್ ಬೆಲೆಯ ಸರಕು ಹಾಗೂ ಸೇವೆಗಳನ್ನು ಚೀನಾ ಕೊಳ್ಳತಕ್ಕದ್ದು. ಇದರಲ್ಲಿ ಕಾರ್ಖಾನೆಯ ಸರಕು 7,770 ಕೋಟಿ, ಎಣ್ಣೆ, ಅನಿಲ ಮೊದಲಾದ ಇಂಧನ 5,240 ಕೋಟಿ, ಸೇವೆಗಳು 3,790 ಕೋಟಿ, ಕೃಷಿ ಸರಕು 3,200 ಕೋಟಿ.

ಇಷ್ಟು ಓದಿದವರು ಬೆರಗಾಗುವುದು ಸಹಜ. ಆದರೆ ಅದೇ ಕಾಗದದ ಒಳಪುಟಗಳಲ್ಲಿ ಬೇರೆ ಮಾತುಗಳೂ ಇದ್ದುವು. ಖರೀದಿಯು ಪೇಟೆಯ ಧಾರಣೆಯಲ್ಲಿ, ವ್ಯಾಪಾರದ ಲಾಭನಷ್ಟ ನೋಡಿಕೊಂಡೇ ನಡೆಯತಕ್ಕದ್ದು. ಯಾವಾಗ ಕೊಳ್ಳಬೇಕೆಂಬುದನ್ನು ಪೇಟೆಯ ಸ್ಥಿತಿ ನಿರ್ಧರಿಸಬಹುದು. ಪ್ರಕೃತಿ ವಿಕೋಪವೋ ಊಹಿಸಲಾಗದ ಘಟನೆಯೋ ಒದಗಿದರೆ ಇಬ್ಬರೂ ಕೂಡಿ ಆಲೋಚಿಸತಕ್ಕದ್ದು. ಮಾತು ತಪ್ಪಿದರೆ ತೀರ್ಪು ಹೇಳುವ ಮೂರನೆಯ ಪಂಚರು ಯಾರೂ ಇರಲಿಲ್ಲ. ನೊಂದವನು ತಾನೇ ಸುಂಕವೇರಿಸಿ ಸೇಡು ತೀರಿಸಿಕೊಳ್ಳಬಹುದು, ಇಲ್ಲವೆ ಒಪ್ಪಂದದಿಂದ ಹೊರಬೀಳಬಹುದು, ಬೇರೆ ದಾರಿಯಿಲ್ಲ. ಮತ್ತೊಂದು ಸಂಗತಿ: ಸಹಿಯಾದ ಮೇಲೂ ಎರಡು ಕಡೆಯ ಸುಂಕಗಳಲ್ಲಿ ಹೆಚ್ಚಿನವು ಇದ್ದಲ್ಲಿಯೇ ಉಳಿದವು. ಬಾಗಿಲನ್ನು ಮುಕ್ಕಾಲು ಮುಚ್ಚಿಟ್ಟು, “ಬನ್ನಿ, ಹೆಚ್ಚು ವ್ಯಾಪಾರ ಮಾಡಿ” ಎಂದು ಕರೆದಂತಾಯಿತು ಇದು.

ಎರಡು ವರ್ಷಗಳ ಲೆಕ್ಕ

ಈ ಒಪ್ಪಂದದ ಒಂದು ಸುಕೃತವೆಂದರೆ ಅದರ ಲೆಕ್ಕವನ್ನು ಒಬ್ಬರು ಪಟ್ಟು ಬಿಡದೆ ಇಟ್ಟರು. ವಾಷಿಂಗ್ಟನ್ನಿನ ಪೀಟರ್ಸನ್ ಸಂಸ್ಥೆಯ ಅರ್ಥಶಾಸ್ತ್ರಜ್ಞ ಚಾಡ್ ಬೌನ್ ಅವರು ಎರಡು ದೇಶಗಳ ಸುಂಕದ ದಫ್ತರುಗಳ ಅಂಕಿಗಳನ್ನು ತಿಂಗಳು ತಿಂಗಳೂ ಕೂಡಿಸುತ್ತ ಬಂದು, 2022ರ ಫೆಬ್ರವರಿಯಲ್ಲಿ ಒಟ್ಟು ಲೆಕ್ಕವನ್ನು ಪ್ರಕಟಿಸಿದರು. ಎರಡು ವರ್ಷಗಳಲ್ಲಿ ಚೀನಾ ಕೊಳ್ಳುವೆನೆಂದು ಒಪ್ಪಿದ್ದು ಒಟ್ಟು ಸುಮಾರು 50,200 ಕೋಟಿ ಡಾಲರ್. ಕೊಂಡದ್ದು ಅದರಲ್ಲಿ ಶೇಕಡಾ 57ರಷ್ಟು. ಹೆಚ್ಚುವರಿಯಾಗಿ ಕೊಳ್ಳುವೆನೆಂದಿದ್ದ 20,000 ಕೋಟಿಯಲ್ಲಿ ಒಂದು ಡಾಲರಿನಷ್ಟೂ ಬರಲಿಲ್ಲ. ಯುದ್ಧ ಹೂಡುವ ಮುಂಚಿನ 2017ರ ಮಟ್ಟವನ್ನೇ ವ್ಯಾಪಾರ ಮುಟ್ಟಲಿಲ್ಲ. ಕೃಷಿಯಲ್ಲಿ ಗುರಿಯ ಶೇಕಡಾ 83ರಷ್ಟಾಯಿತು, ಇಂಧನದಲ್ಲಿ ಬರಿಯ 37.

ಕಾರಣಗಳನ್ನೂ ಹೇಳಬೇಕು, ಇಲ್ಲವಾದರೆ ಅನ್ಯಾಯವಾದೀತು. ಸಹಿಯ ಶಾಯಿ ಆರುವ ಮುನ್ನವೇ ಕರೋನಾ ಮಾರಿ ಜಗತ್ತಿಗೆ ಬಡಿಯಿತು. ಪ್ರವಾಸಿಗರೂ ವಿದ್ಯಾರ್ಥಿಗಳೂ ಓಡಾಡುವುದು ನಿಂತು ಸೇವೆಗಳ ವ್ಯಾಪಾರ ಬಿದ್ದುಹೋಯಿತು. 2020ರಲ್ಲಿ ಎಣ್ಣೆಯ ಧಾರಣೆ ಇಳಿದುದರಿಂದ ಅಷ್ಟೇ ಪೀಪಾಯಿ ಕೊಂಡರೂ ಡಾಲರಿನಲ್ಲಿ ಮೊತ್ತ ಕಡಿಮೆಯಾಯಿತು. ಬೋಯಿಂಗ್ ಕಂಪನಿಯ 737 ಮ್ಯಾಕ್ಸ್ ವಿಮಾನಗಳು ಎರಡು ಅಪಘಾತಗಳ ಅನಂತರ 2019ರ ಮಾರ್ಚಿನಿಂದಲೇ ನೆಲ ಹಿಡಿದಿದ್ದುವು. ಇವೆಲ್ಲ ನಿಜ. ಆದರೂ, ಯಾವ ಮಾರಿಯೂ ಇಲ್ಲದಿದ್ದರೂ ಎರಡೇ ವರ್ಷದಲ್ಲಿ ಅಷ್ಟು ಎತ್ತರಕ್ಕೆ ಜಿಗಿಯುವುದು ಸಾಧ್ಯವಿತ್ತೆ ಎಂಬ ಸಂಶಯವನ್ನು ಬಲ್ಲವರು ಸಹಿಯ ದಿನವೇ ಎತ್ತಿದ್ದರು.

ಒಳ್ಳೆಯದು ಏನೂ ಆಗಲಿಲ್ಲವೆಂದೂ ಹೇಳಲಾಗದು. ಅಮೆರಿಕದ ಕೋಳಿ ಮಾಂಸದ ಮೇಲೆ 2015ರಿಂದ ಇದ್ದ ನಿಷೇಧವನ್ನು ಚೀನಾ 2019ರ ನವೆಂಬರಿನಲ್ಲಿ ತೆಗೆಯಿತು. 2021ರಲ್ಲಿ ಅಮೆರಿಕದಿಂದ ಚೀನಾಕ್ಕೆ ಹೋದ ಕೃಷಿ ಸರಕು ಸುಮಾರು 3,300 ಕೋಟಿ ಡಾಲರಿಗೆ ಏರಿತು. ಹಿಂದೆಂದೂ ಅಷ್ಟು ಹೋಗಿರಲಿಲ್ಲ. ಆದರೆ ಅದರಲ್ಲಿ ಕಾಗದದ ಪ್ರಭಾವವೆಷ್ಟು, ಪೇಟೆಯ ಪ್ರಭಾವವೆಷ್ಟು ಎಂಬುದನ್ನು ಬಿಡಿಸಿ ನೋಡಬೇಕು. 2018–19ರಲ್ಲಿ ರೋಗ ಬಡಿದು ಚೀನಾದ ಹಂದಿಗಳು ಲೆಕ್ಕವಿಲ್ಲದಷ್ಟು ಸತ್ತಿದ್ದುವು. ಆ ಹಿಂಡುಗಳನ್ನು ಮತ್ತೆ ಬೆಳೆಸಲು ಜೋಳ, ಸೋಯಾ ಬೇಕೇ ಬೇಕಾಗಿತ್ತು. ಅದೇ ಸಮಯಕ್ಕೆ ಧಾರಣೆಯೂ ಏರಿತು. ಹಸಿದವನು ಊಟಕ್ಕೆ ಬಂದರೆ, ಕರೆಯೋಲೆ ಕಳುಹಿಸಿದವನು ತನ್ನಿಂದಲೇ ಬಂದನೆಂದು ಹೇಳಿಕೊಳ್ಳುವುದು ಲೋಕದಲ್ಲಿ ಇದ್ದದ್ದೇ.

ಅದೇ ರಾಗ, ಅದೇ ತಾಳ

ಇದು ಹಳೆಯ ಕಥೆಯಲ್ಲವೆ, ಈಗೇಕೆ ಎಂದು ಕೇಳುವವರಿಗೆ ಇನ್ನೊಂದು ಲೆಕ್ಕ ಹೇಳುತ್ತೇವೆ. 2025ರಲ್ಲಿ ಟ್ರಂಪ್ ಅವರು ಎರಡನೆಯ ಸಲ ಅಧ್ಯಕ್ಷರಾದ ಮೇಲೆ ಸುಂಕದ ಹಣಾಹಣಿ ಮತ್ತೆ ಶುರುವಾಯಿತು. ಆ ಸೆಪ್ಟೆಂಬರಿನಲ್ಲಿ ಅಮೆರಿಕದಿಂದ ಚೀನಾಕ್ಕೆ ಬಂದ ಸೋಯಾ ಸೊನ್ನೆ. ಅಕ್ಟೋಬರ್ 30ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಇಬ್ಬರು ಅಧ್ಯಕ್ಷರೂ ಭೇಟಿಯಾದರು. ವರ್ಷ ಮುಗಿಯುವುದರೊಳಗೆ 1 ಕೋಟಿ 20 ಲಕ್ಷ ಟನ್, ಮುಂದಿನ ಮೂರು ವರ್ಷ ಪ್ರತಿ ವರ್ಷ ಕನಿಷ್ಠ 2 ಕೋಟಿ 50 ಲಕ್ಷ ಟನ್ ಸೋಯಾ ಕೊಳ್ಳಲು ಚೀನಾ ಒಪ್ಪಿತೆಂದು ಅಮೆರಿಕ ಸರಕಾರ ಸಾರಿತು. ರೈತರಿಗೆ ದೊಡ್ಡ ಗೆಲುವೆಂದು ಅದನ್ನು ಕೊಂಡಾಡಿದವರು ಬಹಳ ಮಂದಿ.

ನಾವು ಮಾಡಬೇಕಾದದ್ದು ಒಂದೇ ಕೆಲಸ: ಮೇಲೆ ಕೊಟ್ಟ 2017ರ ಅಂಕಿಯನ್ನು ಪಕ್ಕದಲ್ಲಿ ಇಟ್ಟು ನೋಡುವುದು. ಯಾವ ಒಪ್ಪಂದವೂ ಇಲ್ಲದ ಆ ವರ್ಷ, ಯಾರೂ ಘೋಷಣೆ ಮಾಡದೆ, ಹೋದದ್ದು 3 ಕೋಟಿ 20 ಲಕ್ಷ ಟನ್. ಹೊಸ ಗೆಲುವಿನ ಮೊತ್ತ ಹಳೆಯ ಮಾಮೂಲಿಗಿಂತ ಕಡಿಮೆ! ಮನೆಯ ಹಸುವನ್ನು ತಾನೇ ಹೊರಗಟ್ಟಿ, ಸಂಜೆ ಅದು ಹಿಂದಿರುಗಿದಾಗ “ಹಸು ಕೊಂಡು ತಂದೆ” ಎಂದು ಮನೆಯವರಿಗೆ ಹೇಳಿದರೆ ಹೇಗಿರುತ್ತದೆ?

ಅಜ್ಜಿಯ ನಾಲ್ಕು ಪ್ರಶ್ನೆಗಳು

ಈ ಕಥೆಯಿಂದ ನಮಗೆ ನಾಲ್ಕು ಪ್ರಶ್ನೆಗಳು ಸಿಕ್ಕಿವೆ. ಯಾವ ದೇಶದ ಯಾವ ಮುಖಂಡರು, ಯಾವ ಪಕ್ಷದವರು ಘೋಷಿಸಿದರೂ ಇವನ್ನು ಕೇಳಬಹುದು. ಒಂದು: ಮಾತು ಬರಹಕ್ಕೆ ಇಳಿದಿದೆಯೆ, ಇಳಿದಿದ್ದರೆ ಎರಡು ಕಡೆಯವರೂ ಅದೇ ಮಾತನ್ನು ಹೇಳುತ್ತಿದ್ದಾರೆಯೆ? ಎರಡು: “ಹೆಚ್ಚು” ಎಂದರೆ ಯಾವ ವರ್ಷಕ್ಕಿಂತ ಹೆಚ್ಚು? ಮೂರು: ನಿಜವಾಗಿ ಕೈಯಿಂದ ಹಣ ಹಾಕುವವರು ಯಾರು, ಮಾತು ತಪ್ಪಿದರೆ ಕೇಳುವವರು ಯಾರು? ನಾಲ್ಕು: ಲೆಕ್ಕ ಯಾವಾಗ, ಯಾರು ಒಪ್ಪಿಸುತ್ತಾರೆ?

ಪರದೇಶದವರನ್ನು ಮಾತ್ರ ಒರೆಗೆ ಹಚ್ಚಿ ನಮ್ಮವರನ್ನು ಬಿಟ್ಟರೆ ಪಕ್ಷಪಾತವಾದೀತು. ನಮ್ಮ ದೇಶವು ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್ ಎಂಬ ನಾಲ್ಕು ದೇಶಗಳ ಕೂಟದೊಡನೆ 2024ರ ಮಾರ್ಚ್ 10ರಂದು ಒಪ್ಪಂದ ಮಾಡಿಕೊಂಡಿತು. ಹದಿನೈದು ವರ್ಷಗಳಲ್ಲಿ 10,000 ಕೋಟಿ ಡಾಲರ್ ಬಂಡವಾಳ, 10 ಲಕ್ಷ ಉದ್ಯೋಗ ಬರುವುವೆಂದು ಆಗ ದೊಡ್ಡಕ್ಷರದಲ್ಲಿ ಓದಿದೆವು. ಮೊದಲ ಪ್ರಶ್ನೆಯಲ್ಲಿ ಇದು ತೇರ್ಗಡೆ: ಬರಹವಿದೆ, ಎರಡು ಕಡೆಯ ಸಹಿಯಿದೆ, 2025ರ ಅಕ್ಟೋಬರ್ 1ರಿಂದ ಜಾರಿಗೂ ಬಂದಿದೆ. ಎರಡನೆಯ ಪ್ರಶ್ನೆ ಕೇಳಿದಾಗ, ಮೊದಲ ಹತ್ತು ವರ್ಷಗಳಲ್ಲಿ ಅರ್ಧ, ಮುಂದಿನ ಐದು ವರ್ಷಗಳಲ್ಲಿ ಉಳಿದರ್ಧ ಎಂಬ ಹಂಚಿಕೆ ಕಾಣುತ್ತದೆ. ಮೂರನೆಯದರಲ್ಲಿ ಸ್ವಲ್ಪ ತಡೆದು ನಿಲ್ಲಬೇಕು. ಕಾಗದದಲ್ಲಿರುವುದು ಆ ಬಂಡವಾಳವನ್ನು ತರುವ ಗುರಿ. ಹಣ ಹೂಡುವವು ಖಾಸಗಿ ಕಂಪನಿಗಳು, ಸರಕಾರಗಳಲ್ಲ. ಗುರಿ ತಪ್ಪಿದರೆ ದೀರ್ಘವಾದ ಸಮಾಲೋಚನೆಯ ಅನಂತರ ನಮ್ಮ ದೇಶವು ತಾನು ಕೊಟ್ಟ ಸುಂಕದ ರಿಯಾಯಿತಿಯನ್ನು ಹಿಂತೆಗೆದುಕೊಳ್ಳಲು ಅವಕಾಶವಿದೆ. ಇದು ಮೆಚ್ಚತಕ್ಕ ಮಾತು. ನಾಲ್ಕನೆಯ ಪ್ರಶ್ನೆಗೆ ಉತ್ತರ ಸಿಗುವ ಹೊತ್ತಿಗೆ ಇಂದು ನಮ್ಮ ಸಂಘದ ಬಾಲವರ್ಗದಲ್ಲಿ ಅ ಆ ಇ ಈ ತಿದ್ದುತ್ತಿರುವ ಮಕ್ಕಳು ಕೆಲಸ ಹುಡುಕುತ್ತಿರುತ್ತಾರೆ! ಹೀಗೆ ಕೇಳಿ ನೋಡಿದರೆ ಸುದ್ದಿ ಸುಳ್ಳೂ ಆಗುವುದಿಲ್ಲ, ಸ್ವರ್ಗವೂ ಆಗುವುದಿಲ್ಲ. ಇದ್ದಷ್ಟೇ ಎತ್ತರಕ್ಕೆ ಕಾಣಿಸುತ್ತದೆ.

ನಮಗೇಕೆ ಈ ಗೊಡವೆ?

ಹಡಗಿನ ವ್ಯಾಪಾರ ಅಡಿಕೆ ವ್ಯಾಪಾರಿಗೇಕೆ ಎಂದು ಕೆಲವರು ಕೇಳಬಹುದು. ಆದರೆ ಇಂದು ನಮ್ಮ ಮನೆಗಳಲ್ಲಿ ಅಡಿಕೆಯವರೂ ಹಡಗಿನ ಹಂಗಿನಲ್ಲಿಯೇ ಇದ್ದಾರೆ. ಒಬ್ಬರ ಮಗ ರಫ್ತು ಕಂಪನಿಯ ದಫ್ತರಿನಲ್ಲಿ ಇರುತ್ತಾನೆ, ಇನ್ನೊಬ್ಬರ ಸೊಸೆ ಔಷಧದ ಕಾರ್ಖಾನೆಯಲ್ಲಿ; ಮತ್ತೊಬ್ಬರು ನಿವೃತ್ತಿಯ ಹಣವನ್ನು ಷೇರಿನಲ್ಲಿ ತೊಡಗಿಸಿರುತ್ತಾರೆ; ಊರಿನಲ್ಲಿ ಅಣ್ಣತಮ್ಮಂದಿರು ಕಾಫಿಯನ್ನೋ ಮೆಣಸನ್ನೋ ಬೆಳೆಯುತ್ತಿರುತ್ತಾರೆ. ಘೋಷಣೆಯ ದಿನ ಪೇಟೆ ಏರುತ್ತದೆ. ಆ ಬಿಸಿಯಲ್ಲಿ ಸಾಲ ಮಾಡಿ ಅಂಗಡಿ ಹಿಗ್ಗಿಸುವುದು, ಇದ್ದ ಕೆಲಸ ಬಿಡುವುದು, ಊರಿನ ತೋಟದ ಮೇಲೆ ಹಣ ಎತ್ತುವುದು — ಇವು ನಮ್ಮಂಥ ಮಧ್ಯಮ ಸ್ಥಿತಿಯವರಿಗೆ ದೊಡ್ಡ ಹೆಜ್ಜೆಗಳು. ಘೋಷಣೆ ಹುಸಿಯಾದರೆ ಘೋಷಿಸಿದವರಿಗೆ ಮತ್ತೊಂದು ಘೋಷಣೆ ಇರುತ್ತದೆ. ಟ್ರಾಕ್ಟರಿನ ಕಂತು ಕಟ್ಟುವವನಿಗೆ ಮಾತ್ರ ಮುಂದಿನ ತಿಂಗಳ ಕಂತು ಇರುತ್ತದೆ.

ಹಾಗೆಂದು ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕುವವರ ಸಾಲಿಗೆ ನಾವು ಸೇರುವವರಲ್ಲ. ದೇಶದೇಶಗಳು ಜಗಳಾಡುವುದಕ್ಕಿಂತ ಮೇಜಿನ ಮುಂದೆ ಕುಳಿತು ಮಾತಾಡುವುದು ಮೇಲು. ಒಪ್ಪಂದಗಳಿಂದ ಬೆಳೆದ ಉದ್ಯಮಗಳೂ ಬೇಕಾದಷ್ಟಿವೆ. ಯಾವುದನ್ನೂ ನಂಬದಿರುವುದೂ ಒಂದು ಬಗೆಯ ಸೋಮಾರಿತನವೇ ಸರಿ, ಏಕೆಂದರೆ ಅದಕ್ಕೆ ಓದುವ ಶ್ರಮವಿಲ್ಲ. ಅಜ್ಜಿ ಹಾಗೆ ಮಾಡಲಿಲ್ಲ. ಮಗನ ಕಾರ್ಡನ್ನು ಜೋಪಾನವಾಗಿ ತೊಲೆಯ ಸಂದಿನಲ್ಲಿ ಸಿಕ್ಕಿಸಿಡುತ್ತಿದ್ದಳು. ತಿಂಗಳು ಕಳೆದ ಮೇಲೆ ಅದನ್ನು ತೆಗೆಸಿ ಓದಿಸಿ, “ಇಷ್ಟು ಕಳುಹಿಸುತ್ತೇನೆ ಅಂದಿದ್ದ, ಇಷ್ಟು ಬಂತು” ಎಂದು ಬೆರಳು ಮಡಿಸಿ ಎಣಿಸುತ್ತಿದ್ದಳು.

ನಮ್ಮ ಸಂಘದ ವಾಚನಾಲಯದಲ್ಲಿ ಒಂದು ವಹಿ ಇಟ್ಟರೆ ಹೇಗೆ ಎಂಬ ಯೋಚನೆ ನಮಗಿದೆ. ದೊಡ್ಡ ಘೋಷಣೆ ಬಂದ ದಿನ ತಾರೀಖು ಹಾಕಿ ಅದರ ಮೊತ್ತವನ್ನು ಎಡಪುಟದಲ್ಲಿ ಬರೆಯುವುದು. ವರ್ಷ ಕಳೆದ ಮೇಲೆ ಬಂದಷ್ಟನ್ನು ಬಲಪುಟದಲ್ಲಿ ತುಂಬುವುದು. ಕಾಲೇಜು ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇದೊಂದು ಒಳ್ಳೆಯ ಅಭ್ಯಾಸವೂ ಆದೀತು. ಬುಸಾನಿನ ಸೋಯಾದಿಂದಲೇ ಆರಂಭಿಸಬಹುದು: ಎಡಪುಟದಲ್ಲಿ ವರ್ಷಕ್ಕೆ 2 ಕೋಟಿ 50 ಲಕ್ಷ ಟನ್, 2026ರಿಂದ 2028ರವರೆಗೆ. ಬಲಪುಟ ಖಾಲಿಯಿರಲಿ. ಆಸಕ್ತಿಯುಳ್ಳ ಸದಸ್ಯರು ಭಾನುವಾರ ಸಂಜೆ ವಾಚನಾಲಯಕ್ಕೆ ಬಂದರೆ ಕುಳಿತು ಮಾತಾಡೋಣ.